ಕ್ಲಿಫ್ ಬರ್ಟನ್

ಕ್ಲಿಫರ್ಡ್ ಲೀ ಬರ್ಟನ್ (10 ಫೆಬ್ರವರಿ 1962 – 27 ಸೆಪ್ಟೆಂಬರ್ 1986) ಅಮೆರಿಕದ ಸಂಗೀತಗಾರರು. ಹೆವಿ ಮೆಟಲ್ ತಂಡವಾದ ಮೆಟಾಲಿಕಾದ ಬೇಸ್ ಗಿಟಾರ್ ವಾದಕರಾಗಿ ಪ್ರಸಿದ್ಧರು. ತಂಡದ ಮೊದಲ ಮೂರು ಆಲ್ಬಮ್‌ಗಳಾದ ಕಿಲ್ ಎಮ್ ಆಲ್ (1983), ರೈಡ್ ದ ಲೈಟ್ನಿಂಗ್ (1984) ಮತ್ತು ಮಾಸ್ಟರ್ ಆಫ್ ಪಪೆಟ್ಸ್ (1986) ಇವುಗಳಲ್ಲಿ ಅವರ ವಾದನವಿದೆ. ಸಂಗೀತ ಪ್ರವಾಸದ ನಡುವೆ ಸ್ವೀಡನ್ನಿನಲ್ಲಿ ಸಂಭವಿಸಿದ ಬಸ್ ಅಪಘಾತದಲ್ಲಿ, 24ನೆಯ ವಯಸ್ಸಿನಲ್ಲಿ ನಿಧನರಾದರು. ಮೆಟಾಲಿಕಾದೊಡನೆ ಅವರು ಕಳೆದದ್ದು ನಾಲ್ಕು ವರ್ಷಕ್ಕೂ ಕಡಿಮೆ ಅವಧಿ. ಮೂರು ಆಲ್ಬಮ್‌ಗಳನ್ನು ಬಿಟ್ಟರೆ ಅವರ ಉಳಿದ ವಾದನವೆಲ್ಲ ಬಿಡಿ ತಟ್ಟೆಗಳ ಹಿಂಬದಿಯಲ್ಲಿಯೂ ಅಭ್ಯಾಸದ ಮುದ್ರಣಗಳಲ್ಲಿಯೂ ಅಭಿಮಾನಿಗಳು ಚಿತ್ರೀಕರಿಸಿಕೊಂಡ ವಿಡಿಯೊಗಳಲ್ಲಿಯೂ ಚದುರಿಹೋಗಿತ್ತು. ಗ್ಯಾರೇಜ್ ಇಂಕ್ (1998) ಮೊದಲಾದ ಸಂಕಲನಗಳ ಮೂಲಕ ಅದರ ಒಂದು ಭಾಗ ಮತ್ತೆ ಕೇಳುಗರಿಗೆ ದೊರಕಿತು.

ಬಾಲ್ಯ ಮತ್ತು ಅಣ್ಣನ ಮರಣ

ಬರ್ಟನ್ ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾ ರಾಜ್ಯದ ಕ್ಯಾಸ್ಟ್ರೋ ವ್ಯಾಲಿ ಎಂಬ ಊರಿನಲ್ಲಿ. ಇದು ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ಭಾಗದಲ್ಲಿದೆ. ತಂದೆ ರೇ ಬರ್ಟನ್, ತಾಯಿ ಜಾನ್ ಬರ್ಟನ್. ಅಣ್ಣ ಸ್ಕಾಟ್, ಅಕ್ಕ ಕಾನಿ. ಮೂವರು ಮಕ್ಕಳಲ್ಲಿ ಕ್ಲಿಫ್ ಕಿರಿಯರು. ತಂದೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಆಸಕ್ತಿಯಿದ್ದುದರಿಂದ ಮನೆಯಲ್ಲಿ ಅದರ ಧ್ವನಿಮುದ್ರಿಕೆಗಳು ಸದಾ ಕೇಳಿಬರುತ್ತಿದ್ದವು. ಚಿಕ್ಕಂದಿನಲ್ಲೇ ಕ್ಲಿಫ್ ಪಿಯಾನೊ ಪಾಠ ಆರಂಭಿಸಿದರು.

1975ರಲ್ಲಿ ಅಣ್ಣ ಸ್ಕಾಟ್ ಮೆದುಳಿನ ರಕ್ತನಾಳ ಒಡೆದು ತೀರಿಕೊಂಡಾಗ ಕ್ಲಿಫ್‌ಗೆ ಹದಿಮೂರು ವರ್ಷ. ಅವರ ಬದುಕು ತಿರುವು ಪಡೆದದ್ದು ಇಲ್ಲಿಂದ. ಬೇಸ್ ಗಿಟಾರನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಆ ಸಾವಿನ ಬಳಿಕ. ಅಣ್ಣನ ಸಲುವಾಗಿ ತಾನು ಅತ್ಯುತ್ತಮ ಬೇಸ್ ವಾದಕನಾಗಬೇಕೆಂಬ ಸಂಕಲ್ಪವನ್ನು ಹೆತ್ತವರ ಮುಂದೆ ಹೇಳಿಕೊಂಡಿದ್ದರು. ದಿನಕ್ಕೆ ನಾಲ್ಕರಿಂದ ಆರು ಗಂಟೆಗಳ ಅಭ್ಯಾಸ ಆಗ ಆರಂಭವಾಯಿತು. ಮೆಟಾಲಿಕಾ ಹೆಸರು ಮಾಡಿದ ಮೇಲೂ ಅದು ನಿಲ್ಲಲಿಲ್ಲ. ಮಗನ ಪ್ರತಿಭೆಯ ಬಗ್ಗೆ ತಾಯಿಗೆ ಮೊದಲು ಅಷ್ಟೇನೂ ನಂಬಿಕೆ ಇರಲಿಲ್ಲವೆಂದೂ ಅಭ್ಯಾಸದ ಹಟವನ್ನು ಕಂಡು ಅಭಿಪ್ರಾಯ ಬದಲಾಯಿತೆಂದೂ ಅವರೇ ಮುಂದೆ ಸಂದರ್ಶನದಲ್ಲಿ ನೆನೆದಿದ್ದಾರೆ. ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವೆನೆಂದು ಮಗ ತಿಳಿಸಿದಾಗ ಹೆತ್ತವರು ನಾಲ್ಕು ವರ್ಷಗಳ ಗಡುವು ಕೊಟ್ಟರು. ಅಷ್ಟು ಕಾಲ ಊಟ, ಬಾಡಿಗೆಯ ಖರ್ಚು ತಮ್ಮದು. ಅಷ್ಟರೊಳಗೆ ದಾರಿ ಕಾಣದಿದ್ದರೆ ಬೇರೆ ಉದ್ಯೋಗ ನೋಡಿಕೊಳ್ಳಬೇಕು ಎಂಬುದು ಒಪ್ಪಂದ.

ಅವರ ಮೆಚ್ಚಿನ ಸಂಗೀತಗಾರರಲ್ಲಿ ಬ್ಲ್ಯಾಕ್ ಸಬ್ಬಾತ್ ತಂಡದ ಗೀಜರ್ ಬಟ್ಲರ್, ರಶ್ ತಂಡದ ಗೆಡ್ಡಿ ಲೀ, ಮೋಟರ್‌ಹೆಡ್ ತಂಡದ ಲೆಮ್ಮಿ, ಥಿನ್ ಲಿಝಿ ತಂಡದ ಫಿಲ್ ಲೈನಟ್, ಜಾಜ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಇವರೆಲ್ಲ ಇದ್ದರು. ಹದಿನೆಂಟನೆಯ ಶತಮಾನದ ಜರ್ಮನ್ ವಾಗ್ಗೇಯಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ರ ಮೇಲಿನ ಗೌರವವೂ ಅಷ್ಟೇ ಗಾಢವಾಗಿತ್ತು. ಅಬ್ಬರದ ಸಂಗೀತವೆಂದೊಡನೆ ಶಾಸ್ತ್ರಜ್ಞಾನವಿಲ್ಲದ ಸಂಗೀತವೆಂದು ಭಾವಿಸುವವರಿಗೆ ಬರ್ಟನ್‌ರ ಉದಾಹರಣೆಯೇ ಸಾಕಾದ ಉತ್ತರ.

ಆರಂಭದ ತಂಡಗಳು

ಕ್ಯಾಸ್ಟ್ರೋ ವ್ಯಾಲಿ ಪ್ರೌಢಶಾಲೆಯಲ್ಲಿದ್ದಾಗ ಸೇರಿದ ಈಝಿ ಸ್ಟ್ರೀಟ್ ಎಂಬ ತಂಡದಲ್ಲಿ ಜಿಮ್ ಮಾರ್ಟಿನ್ ಮತ್ತು ಮೈಕ್ ಬಾರ್ಡಿನ್ ಅವರ ಜೊತೆಗಾರರಾಗಿದ್ದರು. ಇವರಿಬ್ಬರೂ ಮುಂದೆ ಫೇತ್ ನೋ ಮೋರ್ ತಂಡದ ಮೂಲಕ ಖ್ಯಾತಿ ಪಡೆದವರು. ಹೇವರ್ಡ್ ನಗರದ ಶಾಬೊ ಕಾಲೇಜಿನಲ್ಲಿದ್ದಾಗ ಮಾರ್ಟಿನ್‌ರೊಡನೆ ಏಜೆಂಟ್ಸ್ ಆಫ್ ಮಿಸ್‌ಫಾರ್ಚೂನ್ ಎಂಬ ಮತ್ತೊಂದು ತಂಡ ಕಟ್ಟಿ, 1981ರಲ್ಲಿ ಸ್ಥಳೀಯ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದರು. ಆ ಸಂದರ್ಭದ ವಿಡಿಯೊ ಉಳಿದುಬಂದಿದೆ. ಮುಂದೆ ಮೆಟಾಲಿಕಾ ಆಲ್ಬಮ್‌ಗಳಲ್ಲಿ ಪ್ರಸಿದ್ಧವಾದ ಎರಡು ರಚನೆಗಳ ಬೀಜರೂಪದ ಸ್ವರಗುಚ್ಛಗಳು ಅದರಲ್ಲಿ ಆಗಲೇ ಕೇಳಿಬರುತ್ತವೆ.

1982ರಲ್ಲಿ ಟ್ರಾಮಾ ಎಂಬ ತಂಡ ಸೇರಿದರು. ಮೆಟಲ್ ಬ್ಲೇಡ್ ಸಂಸ್ಥೆ ಹೊರತಂದ ಮೆಟಲ್ ಮ್ಯಾಸಕರ್ ಮಾಲಿಕೆಯ ಎರಡನೆಯ ಸಂಕಲನದಲ್ಲಿ ಈ ತಂಡದ ಸಚ್ ಎ ಶೇಮ್ ಎಂಬ ಹಾಡಿದೆ. ಅದೇ ಮಾಲಿಕೆಯ ಮೊದಲ ಸಂಕಲನದಲ್ಲಿ ಆಗಿನ್ನೂ ಹೊಸದಾಗಿದ್ದ ಮೆಟಾಲಿಕಾದ ಹಿಟ್ ದ ಲೈಟ್ಸ್ ಸೇರಿತ್ತು. ಹೀಗೆ ಬರ್ಟನ್ ಮತ್ತು ಮೆಟಾಲಿಕಾ ಒಬ್ಬರನ್ನೊಬ್ಬರು ಅರಿಯುವ ಮುನ್ನವೇ ಒಂದೇ ಸಂಕಲನ ಮಾಲಿಕೆಯಲ್ಲಿ ಪರಿಚಿತರಾಗುವ ದಾರಿಯಲ್ಲಿದ್ದರು.

ಮೆಟಾಲಿಕಾ ಸೇರ್ಪಡೆ

ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಡೆನ್ಮಾರ್ಕ್ ಮೂಲದ ಡ್ರಮ್ಸ್ ವಾದಕ ಲಾರ್ಸ್ ಉಲ್ರಿಚ್ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ತಂಡವೇ ಮೆಟಾಲಿಕಾ. 1982ರಲ್ಲಿ ಆ ನಗರದ ವಿಸ್ಕಿ ಎ ಗೋ ಗೋ ಎಂಬಲ್ಲಿ ಟ್ರಾಮಾದ ಕಾರ್ಯಕ್ರಮಕ್ಕೆ ಇವರಿಬ್ಬರೂ ಹೋಗಿದ್ದರು. ವೇದಿಕೆಯಿಂದ ಗಿಟಾರಿನ ಏಕವಾದನ ಕೇಳಿಬಂದಂತಾಗಿ, ನುಡಿಸುತ್ತಿರುವ ಗಿಟಾರ್ ವಾದಕ ಯಾರೆಂದು ಕಣ್ಣು ಹಾಯಿಸಿದಾಗ, ಆ ನಾದ ಬೇಸ್ ಗಿಟಾರಿನಿಂದ ಹೊರಡುತ್ತಿರುವುದು ತಿಳಿಯಿತು. ಆಗ ತಂಡದಲ್ಲಿ ಬೇಸ್ ನುಡಿಸುತ್ತಿದ್ದವರು ರಾನ್ ಮೆಕ್‌ಗವ್ನಿ. ಅವರ ಸ್ಥಾನಕ್ಕೆ ಬರ್ಟನ್‌ರನ್ನು ಕರೆಯಲು ಇಬ್ಬರೂ ನಿಶ್ಚಯಿಸಿದರು.

ಬರ್ಟನ್ ಕೂಡಲೇ ಒಪ್ಪಲಿಲ್ಲ. ಲಾಸ್ ಏಂಜಲೀಸ್‌ನ ವಾತಾವರಣ ಅವರಿಗೆ ಹಿಡಿಸಿರಲಿಲ್ಲ. ತಂಡವೇ ತಮ್ಮೂರಿನ ಕಡೆಗೆ ಬರುವುದಾದರೆ ಮಾತ್ರ ಸೇರುವೆನೆಂಬ ಷರತ್ತು ಹಾಕಿದರು. ಇಪ್ಪತ್ತು ವರ್ಷದ ಯುವಕನೊಬ್ಬನಿಗಾಗಿ ಇಡೀ ತಂಡ ಗಂಟುಮೂಟೆ ಕಟ್ಟಿ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಎಲ್ ಸೆರಿಟೊ ಎಂಬಲ್ಲಿಗೆ ವಾಸ ಬದಲಿಸಿತು. ಮೆಟಾಲಿಕಾದ ಇತಿಹಾಸದಲ್ಲಿ ಇದು ನಿರ್ಣಾಯಕವಾದ ಸ್ಥಳಾಂತರ. ಮುಂದೆ ಥ್ರ್ಯಾಶ್ ಮೆಟಲ್ ಎಂದು ಕರೆಯಲಾದ ವೇಗದ ಶೈಲಿ ಬಲಗೊಂಡದ್ದು ಆ ಪ್ರದೇಶದಲ್ಲಿಯೇ. ಬರ್ಟನ್‌ರನ್ನು ಒಳಗೊಂಡ ತಂಡದ ಮೊದಲ ಕಾರ್ಯಕ್ರಮ 5 ಮಾರ್ಚ್ 1983ರಂದು ಸಾನ್ ಫ್ರಾನ್ಸಿಸ್ಕೊದ ದ ಸ್ಟೋನ್ ಎಂಬ ಕ್ಲಬ್ಬಿನಲ್ಲಿ ನಡೆಯಿತು.

ಆ ಕಾಲದಲ್ಲಿ ಇಂತಹ ತಂಡಗಳ ಹೆಸರು ಹಬ್ಬುತ್ತಿದ್ದುದು ಕ್ಯಾಸೆಟ್‌ಗಳ ಮೂಲಕ. ಒಬ್ಬರ ಬಳಿಯ ಕ್ಯಾಸೆಟ್ಟನ್ನು ಇನ್ನೊಬ್ಬರು ಪ್ರತಿ ಮಾಡಿ, ಅಂಚೆಯಲ್ಲಿ ಮತ್ತೊಬ್ಬರಿಗೆ ಕಳುಹಿಸುತ್ತಿದ್ದರು. ಇರುಳಿಡೀ ನಡೆದ ಯಕ್ಷಗಾನವನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು ಕೈಯಿಂದ ಕೈಗೆ ದಾಟಿಸುತ್ತಿದ್ದ ಕರಾವಳಿಯವರಿಗೆ ಈ ಪದ್ಧತಿ ಅಪರಿಚಿತವೇನಲ್ಲ. ಮೆಟಾಲಿಕಾದ 1982ರ ನೋ ಲೈಫ್ ಟಿಲ್ ಲೆದರ್ ಎಂಬ ಮಾದರಿ ಮುದ್ರಣ ಹೀಗೆಯೇ ಸಮುದ್ರ ದಾಟಿತು. ಅಪರೂಪದ ಮುದ್ರಣಗಳ ಮೇಲೆ ಈ ಸಂಗೀತದ ಕೇಳುಗರಿಗಿರುವ ಅಸಾಧಾರಣ ಮೋಹದ ಮೂಲ ಇಲ್ಲಿದೆ.

ಮೂರು ಆಲ್ಬಮ್‌ಗಳು

ಮೊದಲ ಆಲ್ಬಮ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮುದ್ರಣಗೊಂಡಿತು. ಅದಕ್ಕೆ ಸ್ವಲ್ಪ ಮೊದಲು ಗಿಟಾರ್ ವಾದಕ ಡೇವ್ ಮಸ್ಟೇನ್‌ರನ್ನು ತಂಡದಿಂದ ಕೈಬಿಟ್ಟು ಎಕ್ಸೋಡಸ್ ತಂಡದ ಕರ್ಕ್ ಹ್ಯಾಮೆಟ್‌ರನ್ನು ಸೇರಿಸಿಕೊಳ್ಳಲಾಗಿತ್ತು. ಆಲ್ಬಮ್ಮಿಗೆ ತಂಡ ಇಟ್ಟಿದ್ದ ಹೆಸರು ಅಸಭ್ಯವೆಂದು ವಿತರಕರು ತಕರಾರು ಮಾಡಿದಾಗ ಅವರ ಮೇಲಿನ ಸಿಟ್ಟಿನಲ್ಲಿ ಬರ್ಟನ್ ಆಡಿದ ಮಾತೇ ಕೊನೆಗೆ ಕಿಲ್ ಎಮ್ ಆಲ್ ಎಂಬ ಶೀರ್ಷಿಕೆಯಾಯಿತು. ಇದರಲ್ಲಿರುವ ಅನಸ್ತೀಶಿಯಾ (ಪುಲ್ಲಿಂಗ್ ಟೀತ್) ಬರ್ಟನ್‌ರ ಏಕವಾದನ. ಕೊನೆಯ ಭಾಗದಲ್ಲಷ್ಟೇ ಡ್ರಮ್ಸ್ ಜೊತೆಗೂಡುತ್ತದೆ. ಹೊಸ ತಂಡವೊಂದರ ಮೊದಲ ಆಲ್ಬಮ್ಮಿನಲ್ಲಿ ಬೇಸ್ ವಾದಕರಿಗೆ ಪ್ರತ್ಯೇಕ ರಚನೆಯನ್ನೇ ಮೀಸಲಿಟ್ಟದ್ದು ಅಪೂರ್ವ.

ಎರಡನೆಯ ಆಲ್ಬಮ್ ರೈಡ್ ದ ಲೈಟ್ನಿಂಗ್ ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೊದಲ್ಲಿ ಫ್ಲೆಮಿಂಗ್ ರಾಸ್ಮುಸೆನ್‌ರ ನೆರವಿನಿಂದ ಸಿದ್ಧವಾಯಿತು. ಇದರ ಎಂಟು ರಚನೆಗಳ ಪೈಕಿ ಆರರಲ್ಲಿ ಬರ್ಟನ್‌ರ ಹೆಸರು ರಚನಕಾರರ ಸಾಲಿನಲ್ಲಿದೆ. ಸ್ವರಮೇಳದ ತತ್ತ್ವಗಳನ್ನು, ಎರಡು ಗಿಟಾರುಗಳ ಸ್ವರಗಳನ್ನು ಹೆಣೆಯುವ ಕ್ರಮವನ್ನು ತಮಗೆ ತಿಳಿಸಿಕೊಟ್ಟವರು ಬರ್ಟನ್ ಎಂದು ಹೆಟ್‌ಫೀಲ್ಡ್ ಒಪ್ಪಿಕೊಂಡಿದ್ದಾರೆ. ಅರ್ನೆಸ್ಟ್ ಹೆಮಿಂಗ್ವೇಯವರ ಸ್ಪೇನ್ ಅಂತರ್ಯುದ್ಧದ ಕಾದಂಬರಿಯ ಹೆಸರನ್ನೇ ಹೊತ್ತ ಫಾರ್ ಹೂಮ್ ದ ಬೆಲ್ ಟೋಲ್ಸ್ ಹಾಡಿನ ಆರಂಭದಲ್ಲಿ ಗಿಟಾರಿನಂತೆ ಕೇಳುವ ಸ್ವರಗಳು ನಿಜವಾಗಿ ಬರ್ಟನ್‌ರ ಬೇಸ್. ಕೊನೆಯ ರಚನೆಯಾದ ದ ಕಾಲ್ ಆಫ್ ಕಟುಲು ಸಾಹಿತ್ಯವಿಲ್ಲದ ವಾದ್ಯಸಂಗೀತ; ಅದರ ಹೆಸರು ಬಂದದ್ದು ಎಚ್. ಪಿ. ಲವ್‌ಕ್ರಾಫ್ಟ್‌ರ ಭಯಾನಕ ಕಥೆಯಿಂದ. ಈ ಲೇಖಕನನ್ನು ತಂಡದ ಉಳಿದವರಿಗೆ ಪರಿಚಯಿಸಿದವರೂ ಬರ್ಟನ್.

3 ಮಾರ್ಚ್ 1986ರಂದು ಮಾಸ್ಟರ್ ಆಫ್ ಪಪೆಟ್ಸ್ ಬಿಡುಗಡೆಯಾಯಿತು. ಇದರಲ್ಲಿನ ಓರಿಯನ್ ಎಂಟು ನಿಮಿಷಕ್ಕೂ ಹೆಚ್ಚಿನ ವಾದ್ಯಸಂಗೀತ. ನಡುವೆ ವೇಗ ತಗ್ಗಿ, ಬೇಸ್ ಒಂಟಿಯಾಗಿ ನಿಧಾನದ ನಡೆಯನ್ನು ಹಿಡಿಯುತ್ತದೆ. ಅದರ ಮೇಲೆ ಗಿಟಾರುಗಳು ಒಂದೊಂದಾಗಿ ಬಂದು ಸೇರುತ್ತವೆ. ಬರ್ಟನ್‌ರ ಮನೋಧರ್ಮವನ್ನು ಅರಿಯಬಯಸುವವರು ಅವರ ಏಕವಾದನಕ್ಕಿಂತ ಮೊದಲು ಇದನ್ನು ಕೇಳುವುದು ಒಳ್ಳೆಯದು.

ವಾದನ ಶೈಲಿ

ರಾಕ್ ಸಂಗೀತದಲ್ಲಿ ಬೇಸ್ ಗಿಟಾರಿನ ಕೆಲಸ ಸಾಮಾನ್ಯವಾಗಿ ಮಂದ್ರ ಸ್ವರಗಳಿಂದ ಲಯವನ್ನೂ ಶ್ರುತಿಯನ್ನೂ ಹಿಡಿದು ನಿಲ್ಲಿಸುವುದು. ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆಯ ಅಬ್ಬರ ದೂರದವರೆಗೂ ಕೇಳುತ್ತದೆ. ಮದ್ದಳೆಯ ನುಡಿಗಳನ್ನು ಗಮನಿಸುವವರು ಕಡಿಮೆ. ಬೇಸ್ ಗಿಟಾರಿನ ಸ್ಥಿತಿಯೂ ಹೆಚ್ಚುಕಡಿಮೆ ಅಂತಹದೇ. ಬರ್ಟನ್ ಈ ಹೊಣೆಯನ್ನು ಬಿಡದೆಯೇ ಬೇಸನ್ನು ಮುಂದಾಳು ವಾದ್ಯವಾಗಿಯೂ ಬಳಸಿದರು. ಹೆಚ್ಚಿನ ಮೆಟಲ್ ವಾದಕರು ಬಳಸುವ ಪ್ಲಾಸ್ಟಿಕ್ ಮೀಟುಗೋಲನ್ನು ಬಿಟ್ಟು ಬೆರಳುಗಳಿಂದಲೇ ಮೀಟುತ್ತಿದ್ದರು. ಸ್ವರವನ್ನು ಒರಟಾಗಿಸುವ ಹಾಗೂ ಬಾಗಿಸುವ ಕಾಲ್ತುಳಿ ಉಪಕರಣಗಳನ್ನು ಗಿಟಾರ್ ವಾದಕರಂತೆ ಧಾರಾಳವಾಗಿ ಉಪಯೋಗಿಸುತ್ತಿದ್ದರು. ಆರಂಭದಲ್ಲಿ ರಿಕನ್‌ಬ್ಯಾಕರ್, ಅನಂತರ ಆರಿಯಾ ಸಂಸ್ಥೆಯ ವಾದ್ಯ ಅವರ ಕೈಯಲ್ಲಿತ್ತು. ಬಿಗಿ ಉಡುಪಿನ ವಾದಕರ ನಡುವೆ, ಹತ್ತು ವರ್ಷ ಹಿಂದಿನ ಬೆಲ್‌ಬಾಟಮ್ ಪ್ಯಾಂಟು ತೊಟ್ಟು ಅವರು ವೇದಿಕೆಯೇರುತ್ತಿದ್ದರು.

ಅಪಘಾತ

1986ರ ಬೇಸಿಗೆಯಲ್ಲಿ ಓಝಿ ಆಸ್‌ಬರ್ನ್‌ರೊಡನೆ ಅಮೆರಿಕ ಪ್ರವಾಸ ಮುಗಿಸಿದ ತಂಡ ಸೆಪ್ಟೆಂಬರ್‌ನಲ್ಲಿ ಯುರೋಪಿಗೆ ತೆರಳಿತು. 26 ಸೆಪ್ಟೆಂಬರ್ 1986ರಂದು ಸ್ಟಾಕ್‌ಹೋಮ್ ಬಳಿಯ ಸೋಲ್ನಾದಲ್ಲಿ ಕಾರ್ಯಕ್ರಮ ನಡೆಯಿತು. ಅದೇ ಬರ್ಟನ್‌ರ ಕೊನೆಯ ಕಾರ್ಯಕ್ರಮ. ರಾತ್ರಿಯೇ ಬಸ್ಸು ಕೋಪನ್‌ಹೇಗನ್ ಕಡೆಗೆ ಹೊರಟಿತು. ಬಸ್ಸಿನ ಮಲಗುವ ಸ್ಥಳಗಳ ವಿಷಯದಲ್ಲಿ ಬರ್ಟನ್ ಮತ್ತು ಹ್ಯಾಮೆಟ್ ಇಸ್ಪೀಟು ಎಲೆ ಎತ್ತಿದರು. ಬರ್ಟನ್‌ಗೆ ಇಸ್ಪೀಟಿನ ಎಕ್ಕ ಬಂದಿತು. ಹ್ಯಾಮೆಟ್ ಮಲಗುತ್ತಿದ್ದ ಕಿಟಕಿ ಬದಿಯ ಜಾಗವನ್ನು ಅವರು ಆರಿಸಿಕೊಂಡರು.

27ರ ಬೆಳಗ್ಗೆ ಏಳು ಗಂಟೆಗೆ ತುಸು ಮೊದಲು, ದಕ್ಷಿಣ ಸ್ವೀಡನ್ನಿನ ಯುಂಗ್‌ಬಿ ಪ್ರದೇಶದ ಡೋರಾರ್ಪ್ ಎಂಬ ಹಳ್ಳಿಯ ಹತ್ತಿರ ಬಸ್ಸು ರಸ್ತೆ ಬಿಟ್ಟು ಜಾರಿ ಮಗುಚಿತು. ನಿದ್ರೆಯಲ್ಲಿದ್ದ ಬರ್ಟನ್ ಕಿಟಕಿಯಿಂದ ಹೊರಗೆಸೆಯಲ್ಪಟ್ಟು ಬಸ್ಸಿನ ಅಡಿಗೆ ಸಿಲುಕಿ ಮೃತಪಟ್ಟರು. ತಂಡದ ಉಳಿದವರಿಗೆ ಗಂಭೀರ ಗಾಯಗಳಾಗಲಿಲ್ಲ. ರಸ್ತೆಯಲ್ಲಿ ಹೆಪ್ಪುಗಟ್ಟಿದ್ದ ಹಿಮದ ತೆಳುಪದರದಿಂದ ಬಸ್ಸು ಜಾರಿತೆಂದು ಚಾಲಕ ಹೇಳಿದರು. ಹೆಟ್‌ಫೀಲ್ಡ್ ಒಳ ಉಡುಪಿನಲ್ಲಿಯೇ, ಕಾಲುಚೀಲ ತೊಟ್ಟು ಆ ರಸ್ತೆಯಲ್ಲಿ ಬಹುದೂರ ನಡೆದು ಹುಡುಕಿದರೂ ಹಿಮ ಕಾಣಲಿಲ್ಲ. ತನಿಖೆಯ ಬಳಿಕ ಚಾಲಕನದು ತಪ್ಪಲ್ಲವೆಂದು ತೀರ್ಮಾನವಾಗಿ ಮೊಕದ್ದಮೆ ದಾಖಲಾಗಲಿಲ್ಲ. ಕ್ರೇನಿನಿಂದ ಬಸ್ಸನ್ನು ಎತ್ತುವಾಗ ಅದು ಮತ್ತೊಮ್ಮೆ ಕೆಳಗೆ ಬಿದ್ದಿತೆಂಬ ಮಾತೂ ಇದೆ. ಸ್ಥಳದಲ್ಲಿದ್ದವರ ಹೇಳಿಕೆಗಳು ಈ ಬಗ್ಗೆ ಒಂದೇ ತೆರನಾಗಿಲ್ಲ.

ಅಕ್ಟೋಬರ್ 7ರಂದು ಕ್ಯಾಸ್ಟ್ರೋ ವ್ಯಾಲಿಯಲ್ಲಿ ಅಂತಿಮ ವಿಧಿಗಳು ನಡೆದವು. ಅಲ್ಲಿ ಓರಿಯನ್ ರಚನೆಯನ್ನು ಕೇಳಿಸಲಾಯಿತು. ಚಿತಾಭಸ್ಮವನ್ನು ಅವರಿಗೆ ಪ್ರಿಯವಾಗಿದ್ದ ಮ್ಯಾಕ್ಸ್‌ವೆಲ್ ರ‍್ಯಾಂಚ್‌ನಲ್ಲಿ ಚೆಲ್ಲಲಾಯಿತು. ಅಕ್ಟೋಬರ್ ಕೊನೆಗೆ ಜೇಸನ್ ನ್ಯೂಸ್ಟೆಡ್ ಬರ್ಟನ್‌ರ ಸ್ಥಾನಕ್ಕೆ ಆಯ್ಕೆಯಾದರು.

ಮರಣಾನಂತರದ ಮುದ್ರಣಗಳು ಮತ್ತು ಗ್ಯಾರೇಜ್ ಇಂಕ್

1987ರಲ್ಲಿ ಹೊರಬಂದ ಕ್ಲಿಫ್ ಎಮ್ ಆಲ್ ಬರ್ಟನ್‌ರ ನೆನಪಿಗೆಂದೇ ಸಿದ್ಧಪಡಿಸಿದ ವಿಡಿಯೊ ಸಂಕಲನ. ಹೆಸರು ಮೊದಲ ಆಲ್ಬಮ್ಮಿನ ಶೀರ್ಷಿಕೆಯ ಮೇಲಿನ ಪದಚಮತ್ಕಾರ. ಅಭಿಮಾನಿಗಳು ಸಭೆಯ ನಡುವಿನಿಂದ ಕದ್ದುಮುಚ್ಚಿ ತೆಗೆದ ದೃಶ್ಯಗಳು, ದೂರದರ್ಶನ ತುಣುಕುಗಳು, ಖಾಸಗಿ ಚಿತ್ರಗಳು ಇದರಲ್ಲಿವೆ. ಚಿತ್ರ ಅಲುಗುತ್ತದೆ, ಧ್ವನಿ ಅಸ್ಪಷ್ಟ. ಆದರೂ ಬರ್ಟನ್ ವೇದಿಕೆಯ ಮೇಲೆ ಹೇಗಿದ್ದರೆಂದು ತಿಳಿಯಲು ಇದಕ್ಕಿಂತ ಉತ್ತಮ ಆಧಾರವಿಲ್ಲ.

ಅದೇ ವರ್ಷ ನ್ಯೂಸ್ಟೆಡ್‌ರನ್ನು ಒಳಗೊಂಡ ತಂಡ, ಬೇರೆ ತಂಡಗಳ ಹಾಡುಗಳನ್ನು ನುಡಿಸಿ ಗ್ಯಾರೇಜ್ ಡೇಸ್ ರೀ-ರೀವಿಸಿಟೆಡ್ ಎಂಬ ಕಿರು ಮುದ್ರಿಕೆ ಹೊರತಂದಿತು. ಹೆಸರಿನ ದ್ವಿರುಕ್ತಿಗೆ ಕಾರಣವಿದೆ. 1984ರಲ್ಲಿ ಕ್ರೀಪಿಂಗ್ ಡೆತ್ ಹಾಡಿನ ಬಿಡಿ ತಟ್ಟೆಯ ಹಿಂಬದಿಯಲ್ಲಿ ಡೈಮಂಡ್ ಹೆಡ್ ತಂಡದ ಆಮ್ ಐ ಈವಿಲ್ ಮತ್ತು ಬ್ಲಿಟ್ಜ್‌ಕ್ರೀಗ್ ತಂಡದ ಅದೇ ಹೆಸರಿನ ಹಾಡನ್ನು ಗ್ಯಾರೇಜ್ ಡೇಸ್ ರೀವಿಸಿಟೆಡ್ ಎಂಬ ಶೀರ್ಷಿಕೆಯಡಿ ಸೇರಿಸಲಾಗಿತ್ತು. ಆ ಎರಡರಲ್ಲಿ ಬೇಸ್ ನುಡಿಸಿದವರು ಬರ್ಟನ್. ಹೊಸ ಮುದ್ರಿಕೆಯ ಕೊನೆಯಲ್ಲಿರುವುದು ಮಿಸ್‌ಫಿಟ್ಸ್ ತಂಡದ ಹಾಡುಗಳು. ಆ ತಂಡವನ್ನು ಮೆಟಾಲಿಕಾಗೆ ಪರಿಚಯಿಸಿದವರೂ, ಅದರ ತಲೆಬುರುಡೆಯ ಲಾಂಛನವನ್ನು ತೋಳಿನಲ್ಲಿ ಹಚ್ಚೆ ಹಾಕಿಸಿಕೊಂಡಿದ್ದವರೂ ಬರ್ಟನ್. ಹೀಗೆ ಅವರಿಲ್ಲದ ಮುದ್ರಿಕೆಯಲ್ಲಿಯೂ ಅವರ ಅಭಿರುಚಿಯ ಗುರುತು ಉಳಿಯಿತು.

ಈ ಕಿರು ಮುದ್ರಿಕೆ ಕೆಲಕಾಲದಲ್ಲಿ ಅಂಗಡಿಗಳಿಂದ ಕಣ್ಮರೆಯಾಗಿ ಸಂಗ್ರಾಹಕರ ನಡುವೆ ದುಬಾರಿ ಬೆಲೆಗೆ ಮಾರಾಟವಾಗತೊಡಗಿತು. 24 ನವೆಂಬರ್ 1998ರಂದು ಬಿಡುಗಡೆಯಾದ ಗ್ಯಾರೇಜ್ ಇಂಕ್ ಈ ಕೊರತೆಯನ್ನು ನೀಗಿಸಿತು. ಎರಡು ಸಿ.ಡಿ.ಗಳಲ್ಲಿ ಒಟ್ಟು 27 ಮುದ್ರಣಗಳಿರುವ ಈ ಸಂಕಲನದಲ್ಲಿ ಎಲ್ಲವೂ ಇತರರ ಹಾಡುಗಳೇ. ಮೊದಲ ಸಿ.ಡಿ.ಯಲ್ಲಿ ಹೊಸದಾಗಿ ನುಡಿಸಿದ 11 ಹಾಡುಗಳಿದ್ದರೆ, ಎರಡನೆಯದರಲ್ಲಿ 1984ರಿಂದ ಅಲ್ಲಲ್ಲಿ ಚದುರಿದ್ದ 16 ಅಪರೂಪದ ಮುದ್ರಣಗಳಿವೆ. ಮೊದಲ ಸಿ.ಡಿ.ಯ ವಿಸ್ಕಿ ಇನ್ ದ ಜಾರ್ ಐರ್ಲೆಂಡಿನ ಜಾನಪದ ಗೀತೆ. ಬರ್ಟನ್ ಮೆಚ್ಚಿದ್ದ ಲೈನಟ್‌ರ ತಂಡ ಅದನ್ನು ರಾಕ್ ರೂಪದಲ್ಲಿ ಜನಪ್ರಿಯಗೊಳಿಸಿತ್ತು. ಮೆಟಾಲಿಕಾದ ಆವೃತ್ತಿಗೆ ಗ್ರ್ಯಾಮಿ ಪ್ರಶಸ್ತಿ ದೊರಕಿತು. 27ರಲ್ಲಿ ಬರ್ಟನ್ ನುಡಿಸಿರುವುದು 1984ರ ಆ ಎರಡು ಮಾತ್ರ. ಲೆಕ್ಕದಲ್ಲಿ ಇದು ಅಲ್ಪವೇ. ಆದರೆ ಅವೆರಡೂ ಹಾಡುಗಳು 1988ರಲ್ಲಿ ಕಿಲ್ ಎಮ್ ಆಲ್‌ನ ಮರುಮುದ್ರಣಕ್ಕೆ ಸೇರಿ, ಮುಂದಿನ ಮುದ್ರಣಗಳಲ್ಲಿ ಬಿಟ್ಟುಹೋಗಿದ್ದವು. ಅವುಗಳಿಗೆ ಶಾಶ್ವತ ನೆಲೆ ಸಿಕ್ಕಿದ್ದು ಈ ಸಂಕಲನದಲ್ಲಿಯೇ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ 1988ರ ಆಂಡ್ ಜಸ್ಟಿಸ್ ಫಾರ್ ಆಲ್ ಆಲ್ಬಮ್ಮಿನದು. ಅದರ ಟು ಲಿವ್ ಈಸ್ ಟು ಡೈ ಎಂಬ ದೀರ್ಘ ರಚನೆ ಬರ್ಟನ್ ಬಿಟ್ಟುಹೋದ ಸ್ವರಗುಚ್ಛಗಳಿಂದ ರೂಪುಗೊಂಡದ್ದು. ಅವರ ಹೆಸರೂ ರಚನಕಾರರಲ್ಲಿದೆ. ಆದರೆ ಇಡೀ ಆಲ್ಬಮ್ಮಿನಲ್ಲಿ ನ್ಯೂಸ್ಟೆಡ್‌ರ ಬೇಸ್ ಕಿವಿಗೆ ಬೀಳುವುದೇ ದುರ್ಲಭ. ತಂಡದವರ ಸೂಚನೆಯಂತೆ ಅದನ್ನು ತಗ್ಗಿಸಬೇಕಾಯಿತೆಂದು ಧ್ವನಿಮಿಶ್ರಣ ಮಾಡಿದ ಸ್ಟೀವ್ ಥಾಂಪ್ಸನ್ ಹೇಳಿದ್ದಾರೆ. ಬೇಸನ್ನು ಮುನ್ನೆಲೆಗೆ ತಂದ ವಾದಕನ ಸ್ಮರಣೆಯಿರುವ ಆಲ್ಬಮ್ಮಿನಲ್ಲಿಯೇ ಬೇಸ್ ಮರೆಯಾದದ್ದು ವಿಷಾದಕರ. ಅಭಿಮಾನಿಗಳು ತಾವೇ ಬೇಸನ್ನು ಏರಿಸಿ ಅನಧಿಕೃತ ರೀಮಿಕ್ಸ್‌ಗಳನ್ನು ತಯಾರಿಸಿ ಹಂಚಿಕೊಂಡರು. 2018ರಲ್ಲಿ ತಂಡ ಆಲ್ಬಮ್ಮನ್ನು ಮರುಬಿಡುಗಡೆ ಮಾಡಿದಾಗ ಮಾತ್ರ ಮೂಲ ಮಿಶ್ರಣವನ್ನೇ ಉಳಿಸಿಕೊಂಡಿತು.

2016ರಲ್ಲಿ ಮೊದಲೆರಡು ಆಲ್ಬಮ್‌ಗಳು, 2017ರಲ್ಲಿ ಮಾಸ್ಟರ್ ಆಫ್ ಪಪೆಟ್ಸ್ ದೊಡ್ಡ ಪೆಟ್ಟಿಗೆಯ ಆವೃತ್ತಿಗಳಾಗಿ ಬಂದವು. ಮಾದರಿ ಮುದ್ರಣಗಳು, ಅಪೂರ್ಣ ಮಿಶ್ರಣಗಳು, ವೇದಿಕೆಯ ಮುದ್ರಣಗಳು ಇವುಗಳಲ್ಲಿ ಸೇರಿರುವುದರಿಂದ ಬರ್ಟನ್‌ರ ವಾದನ ಮೊದಲಿಗಿಂತ ಹೆಚ್ಚು ವಿಸ್ತಾರವಾಗಿ ಲಭ್ಯವಾಗಿದೆ.

ಕರ್ನಾಟಕದಲ್ಲಿ

ಬೆಂಗಳೂರು ಭಾರತದ ಮೆಟಲ್ ಸಂಗೀತದ ಮುಖ್ಯ ಕೇಂದ್ರಗಳಲ್ಲೊಂದು. ಕ್ರಿಪ್ಟೋಸ್ ತಂಡ ಅಲ್ಲಿ ಹುಟ್ಟಿದ್ದು 1998ರಲ್ಲಿ. ಇಂಗ್ಲೆಂಡಿನ ಐರನ್ ಮೇಡನ್ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನೀಡಿತು. ಮೆಟಾಲಿಕಾದಿಂದ ಹೊರಬಂದ ಮಸ್ಟೇನ್ ಕಟ್ಟಿದ ಮೆಗಾಡೆತ್ 2008ರಲ್ಲಿ ನಗರಕ್ಕೆ ಬಂದಿತು. ಬರ್ಟನ್‌ರ ಸಾವಿನ ಸುದ್ದಿ ಕೇಳಿದಾಗ ಮಸ್ಟೇನ್ ರಚಿಸಿದ ಸಂಗೀತವೇ ಆ ತಂಡದ ಇನ್ ಮೈ ಡಾರ್ಕೆಸ್ಟ್ ಅವರ್. ಮೆಟಾಲಿಕಾ ಬಂದದ್ದು 30 ಅಕ್ಟೋಬರ್ 2011ರಂದು. ಅದಕ್ಕೆ ಎರಡು ದಿನ ಮೊದಲು ದೆಹಲಿ ಸಮೀಪದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾದುದರಿಂದ, ಭಾರತದಲ್ಲಿ ತಂಡದ ಮೊದಲ ಕಾರ್ಯಕ್ರಮಕ್ಕೆ ಅರಮನೆ ಮೈದಾನವೇ ವೇದಿಕೆಯಾಯಿತು. ಬರ್ಟನ್ ಕಾಲದ ಹಾಡುಗಳೂ ಅಂದು ಇದ್ದವು. ಬೇಸ್ ನುಡಿಸಿದವರು 2003ರಲ್ಲಿ ತಂಡ ಸೇರಿದ ರಾಬರ್ಟ್ ಟ್ರುಹಿಯೊ.

ಸ್ಮರಣೆ

ಆಂತ್ರಾಕ್ಸ್ ತಂಡ ತನ್ನ ಅಮಂಗ್ ದ ಲಿವಿಂಗ್ (1987) ಆಲ್ಬಮ್ಮನ್ನು ಬರ್ಟನ್‌ರಿಗೆ ಅರ್ಪಿಸಿತು. 2006ರ ಅಕ್ಟೋಬರ್‌ನಲ್ಲಿ ಡೋರಾರ್ಪ್‌ನ ಅಪಘಾತ ಸ್ಥಳದ ಸಮೀಪ ಸ್ಮಾರಕ ಶಿಲೆಯನ್ನು ಅನಾವರಣಗೊಳಿಸಲಾಯಿತು. ಓರಿಯನ್ ರಚನೆಯನ್ನು ತಂಡ ವೇದಿಕೆಯಲ್ಲಿ ಪೂರ್ಣವಾಗಿ ನುಡಿಸಿದ್ದು ಅದೇ ವರ್ಷ ಜರ್ಮನಿಯಲ್ಲಿ, ಬರ್ಟನ್ ತೀರಿ ಇಪ್ಪತ್ತು ವರ್ಷಗಳಾಗುವ ಹೊತ್ತಿಗೆ. 4 ಏಪ್ರಿಲ್ 2009ರಂದು ಮೆಟಾಲಿಕಾ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದಾಗ ಮಗನ ಪರವಾಗಿ ರೇ ಬರ್ಟನ್ ಗೌರವ ಸ್ವೀಕರಿಸಿದರು. ಅದೇ ವರ್ಷ ಜೋಯಲ್ ಮೆಕೈವರ್ ಬರೆದ ಬರ್ಟನ್‌ರ ಜೀವನಚರಿತ್ರೆ ಪ್ರಕಟವಾಯಿತು. 2019ರಲ್ಲಿ ಸಾನ್ ಫ್ರಾನ್ಸಿಸ್ಕೊ ಸಿಂಫನಿಯೊಡನೆ ನಡೆದ ಕಛೇರಿಯಲ್ಲಿ ಆ ವಾದ್ಯವೃಂದದ ಸ್ಕಾಟ್ ಪಿಂಗಲ್ ಅನಸ್ತೀಶಿಯಾವನ್ನು ನುಡಿಸಿದರು.

ಕ್ಯಾಸ್ಟ್ರೋ ವ್ಯಾಲಿ ಇರುವ ಅಲಮೀಡಾ ಕೌಂಟಿಯ ಆಡಳಿತ 2018ರಲ್ಲಿ ಫೆಬ್ರವರಿ 10ನ್ನು ಕ್ಲಿಫ್ ಬರ್ಟನ್ ದಿನವೆಂದು ಘೋಷಿಸಿತು. ಮಗನ ಹಾಡುಗಳಿಂದ ಬರುತ್ತಿದ್ದ ಗೌರವಧನವನ್ನು ರೇ ಬರ್ಟನ್, ಕ್ಲಿಫ್ ಓದಿದ ಪ್ರೌಢಶಾಲೆಯ ಸಂಗೀತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿದ್ದರು. ಅವರು 2020ರ ಜನವರಿಯಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು.